ಬಾಯಿಗೆ ಹಾಕಿ ನೋಡಿದ ಹಿಂಡಿ

ಮಚ್ಚು ನನ್ನ ಕಿವಿ ಸವರಿಕೊಂಡು ಹೋಗಿ ಲಾರಿಗೆ ಬಡಿಯಿತು. ಠಣ್!

"ಬಿಡಬ್ಯಾಡ್ರಲೇ ಅವನ್ನ!"

ಕೂಗಿದವನು ಓಬಳಪ್ಪ. ಜಗಳೂರಿನ ಎಣ್ಣೆ ಮಿಲ್ ಓನರ್. ಕುರಿ-ದನಕ್ಕೆ ಹಾಕುವ ಶೇಂಗಾ ಹಿಂಡಿಗೆ ಔಡಲದ, ಅಂದರೆ ಹರಳಿನ, ಹಿಂಡಿ ಬೆರೆಸಿ ಮಾರುತ್ತಿದ್ದ. ಅದನ್ನು ತಿಂದು ದುರುಗಕ್ಕನ ಕುರಿಗಳೆಲ್ಲ ಮಣ್ಣುಪಾಲಾದವು. ದೂರು ಕೊಟ್ಟರೆ ನಿಮ್ಮ ಸ್ಟೇಷನ್ನಿನವರು ಕಿವಿಗೇ ಹಾಕಿಕೊಳ್ಳಲಿಲ್ಲ ಇನ್ಸ್‌ಪೆಕ್ಟರ್ ಸಾರ್... ಅವಳು ಖಾಸಗಿ ಪತ್ತೇದಾರನಾದ ನನ್ನ ಹತ್ತಿರ ಬಂದಳು.

ಗಿರಾಕಿಯಂತೆ ಹೋಗಿ ಸ್ಯಾಂಪಲ್ ಕದ್ದಿದ್ದೆ. ಅದು ಜೇಬಿನಲ್ಲಿತ್ತು. ಬೆನ್ನ ಹಿಂದೆ ಅವನ ಆಳುಗಳು!

ಕಾಂಪೌಂಡ್ ಹಾರಿದೆ. ಬುಲೆಟ್‌ಗೆ ಒಂದೇ ಕಿಕ್. ಚನ್ನಗಿರಿ ಬರುವ ತನಕ ತಿರುಗಿ ನೋಡಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಸರ್ವಮಂಗಳಮ್ಮ ಇದ್ದರು. ಸಸ್ಯಶಾಸ್ತ್ರದ ಲೆಕ್ಚರರ್. ಹಿಂಡಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರು.

"ಔಡಲದ ಸಿಪ್ಪೆ ಐತೆ. ಹಸಿ ಬೀಜ ಹಿಂಡಿದಂಗೈತೆ. ಶುದ್ಧ ವಿಷ."

"ಹಂಗಾರೆ ಆ ಗಿಡ ಹೆಂಗೆ ಬದುಕ್ತೈತ್ರಿ ಮೇಡಂ?"

"ಆ ವಿಷ ಒಂದು ಪ್ರೋಟೀನು. ಜೀವಕೋಶ ಅದನ್ನ ಮಾಡುವಾಗ್ಲೇ ವಿಳಾಸದ ಚೀಟಿ ಅಂಟಿಸ್ತೈತೆ. ಸಣ್ಣ ಚೀಲದಾಗೆ ತುಂಬಿ ಒಳಗಿನ ಗೋದಾಮಿಗೆ ಸಾಗಿಸ್ತೈತೆ. ದಾರ್ಯಾಗೆ ವಿಷಕ್ಕೆ ಹಲ್ಲಿರಲ್ಲ. ಗೋದಾಮು ಸೇರಿದ ಮ್ಯಾಲೇ ಹಲ್ಲು ಬರೋದು."

"ಗೋದಾಮು ಒಡೆದ್ರೆ?"

"ಗಾಣಕ್ಕೆ ಹಾಕಿದ್ರೂ ಒಡೀತೈತೆ, ಜಗಿದ್ರೂ ಒಡೀತೈತೆ. ಆಮ್ಯಾಲೆ ನಮ್ಮ ಜೀವಕೋಶಕ್ಕೆ ನುಗ್ಗಿ, ಪ್ರೋಟೀನ್ ಮಾಡೋ ಕೆಲಸಾನೇ ಬಂದ್ ಮಾಡ್ತೈತೆ."

"ನಮ್ಮವ್ವ ಔಡಲ ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೀತಿದ್ಲು. ಯಾರಿಗೂ ಏನೂ ಆಗ್ಲಿಲ್ಲ!"

"ಕುದಿಸಿದ್ರೆ ವಿಷ ಕೆಡ್ತೈತೆ. ಇದು ಬೆಂಕಿನೇ ಕಂಡಿಲ್ಲ."

ಮಚ್ಚಿಗೆ ಹೆದರದವನು ಆಗ ಹೆದರಿದೆ ಸಾರ್.

"ಮೇಡಂ... ಹಿಂಡಿ ಕೊಳ್ಳೋರು ಹಳಸೈತಾ ಅಂತ ಬಾಯಿಗೆ ಹಾಕಿ ನೋಡ್ತಾರೆ. ನಾನೂ ನೋಡ್ದೆ."

"ಉಗುಳಿದ್ರಿ ತಾನೆ?"

ಉಗುಳಬೇಕೆಂದೇ ಇದ್ದೆ. ಓಬಳಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. "ಇನ್ನೊಂಚೂರು ತಗೊಳ್ರಿ ಯಜಮಾನ್ರೆ" ಅಂದ. ಅನುಮಾನ ಬರಬಾರದೆಂದು ದೊಡ್ಡ ತುಂಡನ್ನೇ ಜಗಿದು ನುಂಗಿದ್ದೆ. ರುಚಿ ಚೆನ್ನಾಗೈತೆ ಅಂತಲೂ ಹೇಳಿದ್ದೆ!

"ಔಷಧಿ?"

ಅವರು ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು.

"ಇಲ್ಲ ಬೆನಕಪ್ಪೋರೆ... ಯಾರತ್ರಾನೂ ಇಲ್ಲ."

ಅವತ್ತೇ ಸ್ಯಾಂಪಲ್ಲನ್ನು ನಿಮ್ಮ ಸ್ಟೇಷನ್ನಿಗೆ ಕೊಟ್ಟು ದೂರು ಬರೆಸಿದೆ. ಅವತ್ತಿನಿಂದ ಈ ಆಸ್ಪತ್ರೆ ಮಂಚದಲ್ಲೇ ಇದ್ದೇನೆ. ರಕ್ತಭೇದಿ ನಿಂತಿಲ್ಲ. ಡ್ರಿಪ್ ಹಾಕುವ ನರ್ಸ್ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾಳೆ. ದುರುಗಕ್ಕ ಬಾಗಿಲಲ್ಲಿ ಕೂತು ಅಳುತ್ತಾಳೆ. ನೀವು ಹಿಡಿದ ಓಬಳಪ್ಪನಿಗೆ ಬೇಲ್ ಸಿಕ್ಕಿತಂತೆ. ನಾನು ಕೊಟ್ಟ ಸ್ಯಾಂಪಲ್ ನಿಮ್ಮ ಸ್ಟೇಷನ್ನಿನಲ್ಲೇ ಕಳೆದುಹೋಯಿತಂತೆ!

ಹುಡುಕಬೇಡಿ ಸಾರ್. ಇನ್ನೊಂದು ನನ್ನ ಹೊಟ್ಟೆಯಲ್ಲಿದೆ... ಪೋಸ್ಟ್‌ಮಾರ್ಟಂ ದಿನ ಬಂದು ತಗೊಂಡು ಹೋಗಿ.