ಥಂಡಾ ಪೆಟಗಿ ಮತ್ತು ಮಾಣಿಕಮ್ಮನ ಸಿಟ್ಟು

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆದು ಫ್ರೀಜರಿನ ಮುಚ್ಚಳ ಎತ್ತಿದ ಮಾಣಿಕಮ್ಮನ ಮೂಗಿಗೆ ಹುಳಿ ವಾಸನೆ ಬಡಿಯಿತು. ಬಟಾಣಿ ಪ್ಯಾಕೆಟ್‌ಗಳು ನೀರಿನಲ್ಲಿ ತೇಲುತ್ತಿದ್ದವು. ಐಸ್‌ಕ್ರೀಂ ಕರಗಿ ಡಬ್ಬಿಯ ಹೊರಗೆಲ್ಲ ಅಂಟಾಗಿತ್ತು. ಗೋಡೆಯ ಮೇಲೆ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗಿಳಿದಿತ್ತು. ಸೋಮವಾರದ ರಜೆ ಪೂರ್ತಿ ಕರೆಂಟಿಲ್ಲದೆ ಕಳೆದಿದೆ.

ಅದು ಸುಮ್ಮನೆ ಬಂದ ಫ್ರೀಜರಲ್ಲ. ಅಂಗಡಿಯ ಯಜಮಾನ ಅಪ್ಪ ಮಹಾರುದ್ರಪ್ಪನ ಜೊತೆ ಮೂರು ತಿಂಗಳು ಜಗಳವಾಡಿ, ಇದೇ 1985ರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಹುಮನಾಬಾದಿಗೆ ತರಿಸಿದ್ದಳು. ಗಿರಾಕಿಗಳು ಅದಕ್ಕೆ ಥಂಡಾ ಪೆಟಗಿ ಎಂದು ಹೆಸರಿಟ್ಟಿದ್ದರು.

ಆರು ವರ್ಷದಿಂದ ಅಂಗಡಿಯ ತಕ್ಕಡಿ ಹಿಡಿಯುತ್ತಿದ್ದ ನಾಗನಾಥ ಬೆಲ್ಲ ಒಡೆಯುತ್ತಿದ್ದ.

"ಮೇನ್ ಯಾಕ ಬಂದ್ ಮಾಡಿದಿ?" ಮಾಣಿಕಮ್ಮ ಅವನನ್ನು ಕೇಳಿದಳು.

"ನಾ ಮಾಡಿಲ್ರಿ."

"ಮತ್ತ ಯಾರು? ಪೆಟಗಿ ಬಂದ ದಿನಾನೇ ನಕ್ಕಿದ್ದಿ. ಬಟಾಣಿಗೆ ಚಳಿ ಹತ್ತಿಸಿ ಮಾರ್ತೀರೇನ್ರಿ ಅಂದಿದ್ದಿ."

"ನಕ್ಕಿದ್ದು ಖರೇ. ನಗೋದು ಬ್ಯಾರೆ, ಹಾಳ ಮಾಡೋದು ಬ್ಯಾರೆ."

"ಬೇಕಂತಲೇ ಮಾಡಿದಿ ನೀ."

ದಿನವೂ ಅವಳನ್ನು ಕೆಣಕುವ ಆ ಕಣ್ಣುಗಳಲ್ಲಿ ಇವತ್ತು ನಗುವಿರಲಿಲ್ಲ. ಅವನು ಕೈ ಒರೆಸಿಕೊಂಡು ಅಂಗಡಿಯ ಕೀಲಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಹಂಗ ಅನ್ನಿಸಿಕೊಂಡು ಇಲ್ಲಿ ನಿಲ್ಲಾಕ ಆಗಂಗಿಲ್ರಿ. ಕಲ್ಯಾಣದಾಗ ಅಬ್ದುಲ್ ಕರೀಂ ಸಾಹೇಬ್ರು ತಮ್ಮ ಅಂಗಡಿಗೆ ಕರೀಲಾಕತ್ತಾರ. ನಾಳಿ ಮುಂಜಾನಿ ಬಸ್ಸಿಗೆ ಹೋಗ್ತೀನಿ."

"ಹೋಗು," ಎಂದಳು.

ಅವತ್ತೆಲ್ಲ ಅವಳ ಸಿಟ್ಟಿಗೆ ಎದುರು ಬಂದವರೆಲ್ಲ ತುತ್ತಾದರು. ಉಪ್ಪು ಕೇಳಿದ ಶೇವಂತಾಬಾಯಿಗೆ ಸಕ್ಕರೆ ಕಟ್ಟಿಕೊಟ್ಟು, ಆಮೇಲೆ ಅವಳನ್ನೇ ಬೈದಳು.

ಸಂಜೆ ಒಬ್ಬಳೇ ಅಂಗಡಿ ಮುಚ್ಚಿದಳು. ಗೋಣಿಚೀಲಗಳಿಗೆ ಎಲ್ಲಿ ಕಿಡಿ ಬಿದ್ದೀತೋ ಎಂದು ಅಪ್ಪ ಚಿಕ್ಕಂದಿನಿಂದ ಕಲಿಸಿದ ನೇಮವೊಂದಿತ್ತು: ಮೇನ್ ಇಳಿಸಬೇಕು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಹೊರಗೆ ಬರಬೇಕು. ಪೆಟಗಿ ಬಂದ ಮೇಲೆ ಮೇನ್ ಇಳಿಸುವುದನ್ನು ಅವಳೇ ನಿಲ್ಲಿಸಿದ್ದಳು. ಇವತ್ತು ಏನೋ ಯೋಚಿಸುತ್ತ ನಿಂತವಳ ಕೈ ತಾನಾಗಿಯೇ ಹಿಡಿಕೆಯ ಮೇಲೆ ಹೋಗಿತ್ತು.

ಆ ಕೈಯನ್ನು ನೋಡುತ್ತಲೇ ಭಾನುವಾರದ ಸಂಜೆ ನೆನಪಾಯಿತು. ನಾಗನಾಥ ನೀಲಿ ಅಂಗಿ ತೊಟ್ಟು, ಶಟರ್ ಎಳೆಯುವ ಕೊಕ್ಕೆ ಹಿಡಿದು ಹೊರಗೆ ನಿಂತಿದ್ದ. ಸೈಕಲ್ ಅಂಗಡಿಯ ಕಾಸಿಂನ ಯಾವುದೋ ಮಾತಿಗೆ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದ. ಅವಳು ಒಳಗೆ ನಿಂತು ಅವನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಕೈ ತನ್ನ ಹಳೆಯ ಕೆಲಸ ಮುಗಿಸಿತ್ತು.

ತನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಅವನ ಮೇಲೂ ಬಂತು. ಅಷ್ಟು ಚಂದ ನಗಬೇಕಾದ ಅಗತ್ಯವೇನಿತ್ತು?

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ದಾಪುಗಾಲು ಹಾಕಿಕೊಂಡು ಹೋದಳು. ಅವನು ಟ್ರಂಕಿನ ಮೇಲೆ ಕೂತಿದ್ದ.

"ಮೇನ್ ನಾನೇ ಬಂದ್ ಮಾಡಿದ್ದೆ."

"ಹೌದೇನ್ರಿ." ಅವನು ಅವಳತ್ತ ನೋಡಲಿಲ್ಲ. "ಮರೆತು ಮಾಡಿರಬೇಕು."

ಅಲ್ಲಿಗೆ ಬಿಡಬಹುದಿತ್ತು. ಆದರೆ ಬೈದದ್ದು ಪೂರ್ತಿ, ತಪ್ಪೊಪ್ಪಿಗೆ ಅರ್ಧ ಎಂದರೆ ಅವಳಿಗೇ ಸಹಿಸಲಾಗುತ್ತಿರಲಿಲ್ಲ.

"ಮರೆತಲ್ಲ. ನಿನ್ನ ನೋಡಕೋತ ನಿಂತಿದ್ದೆ. ಕೈ ಏನ್ ಮಾಡಾಕತ್ತದ ಅನ್ನೋ ಖಬರೇ ಇರಲಿಲ್ಲ." ಇದನ್ನೂ ಅವಳು ಬೈಯುವ ದನಿಯಲ್ಲೇ ಹೇಳಿದಳು. ಕಿವಿ ಬಿಸಿಯಾಗಿದ್ದವು.

ಅವನು ಈಗ ತಲೆಯೆತ್ತಿದ. ನಿಧಾನವಾಗಿ ನೋಡಿದ.

"ಯಾವಾಗಿಂದ ನೋಡಾಕತ್ತೀರಿ?"

"ಮೂರು ವರ್ಷ."

"ಮೂರು ವರ್ಷ ನೋಡಿದವರಿಗೆ ನಾ ಎಂಥಾವ ಅಂತ ತಿಳೀಲಿಲ್ಲೇನ್ರಿ?"

ಮಾತು ನೇರ ಎದೆಗೆ ನಾಟಿತು. ಕಣ್ಣು ತುಂಬಿ ಬಂದವು, ಅದಕ್ಕೂ ಸಿಟ್ಟು ಬಂತು.

"ತಪ್ಪಾತು," ಎಂದಳು. ಹುಟ್ಟಿದಾಗಿನಿಂದ ಯಾರಿಗೂ ಆಡದ ಮಾತು ಅದು.

ಕಲ್ಯಾಣದ ಬಸ್ ಬಂತು. ನಾಗನಾಥ ಟ್ರಂಕು ಮೇಲೆ ಏರಿಸಿದ. "ನಾ ಅಂಗಡಿಗೆ ವಾಪಸ್ ಬರಂಗಿಲ್ರಿ."

ಅವಳು ಬಸ್ಸಿನ ಬಾಗಿಲ ಕಂಬಿ ಹಿಡಿದುಕೊಂಡಳು.

"ನಿಮ್ಮ ಅಪ್ಪಾರ ಅಂಗಡ್ಯಾಗ ಆಳಾಗಿದ್ದು, ಅವರ ಮುಂದ ನಿಂತು ನಿಮ್ಮನ್ನ ಕೇಳೋದು ಹ್ಯಾಂಗ? ಬರೋ ಐತವಾರ ನಮ್ಮವ್ವನ್ನ ಕರಕೊಂಡು ಮನಿಗೆ ಬರ್ತೀನಿ."

ಅವನು ಹತ್ತಿ ಕಿಟಕಿಯ ಬಳಿ ಕೂತ. ಬಸ್ ಹೊರಟಿತು. ಮಾಣಿಕಮ್ಮ ಕಿಟಕಿಯ ಪಕ್ಕದಲ್ಲೇ ಓಡುನಡಿಗೆಯಲ್ಲಿ ಬಂದಳು.

"ಇದನ್ನ ಮೊದಲೇ ಹೇಳಾಕ ಏನಾಗಿತ್ತು ನಿನಗ?"

"ನೀವು ಬೈಯೋದು ಮುಗೀಲಿ ಅಂತ ಕಾಯಾಕತ್ತಿದ್ದೆ."

"ಐತವಾರದೊಳಗ ಮುಗಸ್ತೀನಿ," ಎಂದಳು ಅವಳು. "ನೀ ಬಾ."