ನೆಟ್ಟಗೆ ನಿಂತ ಕುದುರೆಗಳು

ಮಂಗಳವಾರ ಬೆಳಗ್ಗೆ ಒಂಬತ್ತೂಕಾಲಿಗೆ ಸಂಗೀತ ಶಾಲೆಯ ಪ್ರಾಂಶುಪಾಲರು ಠಾಣೆಗೆ ಬಂದು, ಗಾಜಿನ ಬೀರುವಿನಲ್ಲಿದ್ದ ಹಳೆಯ ಪಿಟೀಲು ಕಳವಾಗಿದೆಯೆಂದು ದೂರು ಕೊಟ್ಟರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಥಳಕ್ಕೆ ಹೊರಟರು. ಆ ಹೆಡ್ ಕಾನ್‌ಸ್ಟೇಬಲ್ ಹೆಂಗಸಿನ ಜೋರು ಗಂಟಲಿಗೆ ಮೆಚ್ಚಿ ಠಾಣೆ ಇಟ್ಟಿದ್ದ ಹೆಸರು ಜೋರಮ್ಮ.

ಬೀಗ ಒಡೆದಿರಲಿಲ್ಲ. ಕೀಲುಗಳ ಸ್ಕ್ರೂ ಬಿಚ್ಚಿ, ಗಾಜಿನ ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಲಾಗಿತ್ತು. ಗೀರು ಬೀಳದಿರಲೆಂದು ಅದರಡಿ ಬಟ್ಟೆ ಮಡಿಸಿಟ್ಟಿತ್ತು. ಸ್ಕ್ರೂಗಳು ಪಕ್ಕದಲ್ಲಿ ಸಾಲಾಗಿ ಮಲಗಿದ್ದವು.

"ಇಷ್ಟು ಮರ್ಯಾದಸ್ಥ ಕಳ್ಳನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಸಾರ್," ಎಂದಳು ಜೋರಮ್ಮ.

ಎದುರು ಗೋಡೆಯಲ್ಲಿ ಮಕ್ಕಳು ಕಲಿಯುವ ಪಿಟೀಲುಗಳು ತೂಗುತ್ತಿದ್ದವು. ಅವನ್ನು ಯಾರೂ ಮುಟ್ಟಿಲ್ಲವೆಂದು ಪಂಚನಾಮೆಗೆ ಬರೆಯುವಷ್ಟರಲ್ಲಿ ಶಾಲೆಯ ಮೇಷ್ಟ್ರು ಒಂದನ್ನಿಳಿಸಿ ಕಮಾನು ಎಳೆದರು. ಎಳೆದವರು ಹಾಗೇ ನಿಂತುಬಿಟ್ಟರು.

"ನಿನ್ನೆವರೆಗೂ ಇದು ಶೀತ ಆದವರ ಥರ ಕೂಗ್ತಿತ್ತು."

"ಈಗ?"

"ಹಾಡ್ತಿದೆ!"

ತಂತಿಗಳನ್ನು ಎತ್ತಿ ಹಿಡಿಯುವ ತೆಳು ಮರದ ತುಂಡಿಗೆ ಕುದುರೆ ಎನ್ನುತ್ತಾರೆ. ತಂತಿಯ ನಡುಕ ಅದರ ಕಾಲುಗಳ ಮೂಲಕವೇ ಕೆಳಗಿನ ಹಲಗೆಗೆ ಇಳಿಯಬೇಕು. ಶ್ರುತಿ ಮಾಡಿ ಮಾಡಿ ಕುದುರೆ ಮುಂದಕ್ಕೆ ವಾಲುತ್ತದೆ. ಆ ಗೋಡೆಯ ಮೇಲೆ ತಿಂಗಳುಗಟ್ಟಲೆ ವಾಲಿಕೊಂಡಿದ್ದ ಕುದುರೆಗಳೆಲ್ಲ ಈಗ ನೆಟ್ಟಗೆ ನಿಂತಿದ್ದವು.

"ಕಳ್ಳ ರಿಪೇರಿ ಮಾಡಿ ಹೋಗಿದ್ದಾನೆ," ಎಂದರು ಇನ್‌ಸ್ಪೆಕ್ಟರ್. "ಇಲ್ಲಿ ಈ ಕೆಲಸ ಯಾರದು?"

ಪ್ರಾಂಶುಪಾಲರು ಮುಖ ಸಿಂಡರಿಸಿದರು. "ಪಿಟೀಲು ಮಾಡೋ ಮನೆಯ ಸೊಸೆ ಬರ್ತಿದ್ದಳು. ಕಳುವಾದ ಪಿಟೀಲು ಅವಳ ಅತ್ತೆ ತಯಾರಿಸಿದ್ದೇ. ಮೊನ್ನೆ ಜಗಳ ಆಡಿ ಹೋದಳು."

"ಯಾಕೆ?"

"ವಾರ್ಷಿಕೋತ್ಸವ ಬಂತು, ಆ ಪಿಟೀಲಿಗೊಂದು ಪಾಲಿಶ್ ಹೊಡೆಸ್ತೀನಿ ಅಂದೆ. ಮೇಜು ಕುರ್ಚಿಗೆ ಹೊಡೆಯೋನ ಕೈಲೇ. ಮುಖ ಕಾಣೋ ಹಾಗೆ ಹೊಳೀಬೇಕು ನೋಡಿ! ಅಷ್ಟಕ್ಕೇ ಮೈಮೇಲೆ ಬಿದ್ದಳು."

ಆ ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲಿನಿಂದಲೇ ಹೆರೆದ ಮರದ ಸಿಪ್ಪೆ ಕಾಲಿಗೆ ಸಿಕ್ಕಿತು, ಬಿಸಿ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಕಿಟಕಿಯ ಬಳಿ ಮುದುಕಿಯೊಬ್ಬಳು ಪಿಟೀಲಿನ ತಲೆಯನ್ನು ದವಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಸೊಸೆ ಕಮಾನು ಎಳೆಯುತ್ತಿದ್ದಳು. ಪೊಲೀಸರನ್ನು ಕಂಡರೂ ನಿಲ್ಲಿಸಲಿಲ್ಲ.

"ಒಂದ್ನಿಮಿಷ ಇರಿ, ಹಾಡು ಮುಗೀಲಿ."

ಮುಗಿಯಿತು.

"ಕದ್ದಿದ್ದು ನೀವೇನಾ?"

"ನಾನೇ. ಸ್ಕ್ರೂ ಒಂದೂ ಕಳೀಲಿಲ್ಲ ತಾನೆ?"

"ಆ ಕುದುರೆಗಳನ್ನ ಯಾಕೆ ಮುಟ್ಟಿದ್ರಿ? ಅವೇ ನಿಮ್ಮನ್ನ ಹಿಡಿದುಕೊಟ್ಟವು."

ಅವಳ ಮುಖ ಪೆಚ್ಚಾಯಿತು. "ಥೂ! ಓರೆ ನಿಂತಿದ್ದು ಕಂಡ್ರೆ ಈ ಕೈ ಸುಮ್ನಿರಲ್ಲ ಸಾರ್."

"ಪಾಲಿಶ್ ಹೊಡೆದ್ರೆ ಏನು ಮುಳುಗಿಹೋಗುತ್ತೆ?"

ಸೊಸೆ ಅತ್ತೆಗೆ ಸನ್ನೆ ಮಾಡಿದಳು. ಮುದುಕಿ ಎದ್ದು, ಹೇಳದೆ ಕೇಳದೆ ಇನ್‌ಸ್ಪೆಕ್ಟರ್ ಗಲ್ಲ ಹಿಡಿದು, ಪಿಟೀಲಿನ ತಲೆಯನ್ನು ಅವರ ದವಡೆಗೆ ಒತ್ತಿದಳು. ಕಮಾನು ಸರಿಯಿತು. ದನಿ ಹಲ್ಲಿನ ಬುಡದಿಂದ ಹೊರಟು ತಲೆಯೊಳಗೆಲ್ಲ ದೀಪ ಹಚ್ಚಿಕೊಂಡು ಓಡಾಡಿತು. ಸೊಸೆ ಎಡ ಅಂಗೈಯನ್ನು ಮೇಲಿನ ಹಲಗೆಗೆ ಒತ್ತಿದಳು. ಅರ್ಧಕ್ಕರ್ಧ ದೀಪ ಆರಿಹೋಯಿತು.

"ಈ ಹಲಗೆ ನಡುಗಿದ್ರೇನೇ ದನಿ. ಮೇಜಿನ ಪಾಲಿಶ್ ದಪ್ಪಗೆ ಕೂತ್ರೆ ಹೀಗೇ, ಜನ್ಮಪೂರ್ತಿ. ಅತ್ತೆಗೆ ಕಿವಿ ಹೋಗಿ ವರ್ಷಗಳಾದ್ವು. ಇಷ್ಟು ಜೋರಾಗಿ ನಡುಗೋದು ಇದೊಂದೇ. ರಿಪೇರಿಗೆ ಹೋದಾಗೆಲ್ಲ ಅವರನ್ನೂ ಕರ್ಕೊಂಡು ಹೋಗಿ ಕೇಳಿಸ್ತಿದ್ದೆ. ಪಾಲಿಶ್ ಬೇಡ ಅಂತ ಪ್ರಾಂಶುಪಾಲರಿಗೆ ಕೈ ಮುಗಿದೆ. ಕಿವುಡಿಗ್ಯಾಕೆ ಪಿಟೀಲು ಅಂದ್ರು."

ಅಜ್ಜಿಕತೆಯ ರಾಕ್ಷಸನ ಜೀವ ಗಿಳಿಯಲ್ಲಿದ್ದ ಹಾಗೆ, ಈ ಮುದುಕಿಯ ಕಿವಿ ಆ ಮರದಲ್ಲಿತ್ತು.

ಅಷ್ಟರಲ್ಲಿ ಪ್ರಾಂಶುಪಾಲರು ಏದುಸಿರು ಬಿಡುತ್ತ ಒಳಬಂದರು. "ಸಿಕ್ತಾ? ಸದ್ಯ! ಹೋಗ್ಲಿ ಬಿಡಿ, ದೂರು ವಾಪಸ್ ತಗೋತೀನಿ. ಪಿಟೀಲು ಕೊಡಿ, ಪಾಲಿಶ್‌ನವನು ಬಂದು ಕೂತಿದ್ದಾನೆ."

ಸೊಸೆ ಅವರತ್ತ ತಿರುಗಲೂ ಇಲ್ಲ. "ಸಾರ್, ಕೇಸು ನಡೆದ್ರೆ ಪಿಟೀಲು ಎಲ್ಲಿರುತ್ತೆ?"

"ಮುದ್ದೆಮಾಲು, ಅಂದ್ರೆ ಕೇಸಿನ ಸಾಕ್ಷ್ಯ. ಕೋರ್ಟಿನ ವಶದಲ್ಲಿ."

"ಅದಕ್ಕೆ ಪಾಲಿಶ್ ಹೊಡೀಬಹುದಾ?"

"ಸಾಕ್ಷ್ಯಕ್ಕಾ?" ಜೋರಮ್ಮನ ದನಿಗೆ ಕಿಟಕಿಯ ಗಾಜು ಅದುರಿತು. "ಹೊಡೆದೋರನ್ನೇ ಒಳಗೆ ಹಾಕ್ತೀವಿ!"

ಸೊಸೆ ಎರಡೂ ಕೈ ಮುಂದೆ ಚಾಚಿದಳು. "ಹಾಗಾದ್ರೆ ನಡೀರಿ. ನಾನು ಕದ್ದಿದ್ದೀನಿ. ಸರಿಯಾಗಿ ಬರ್ಕೊಳ್ಳಿ."

ಮಾತು ಕೇಳದಿದ್ದರೂ ಕೈ ಕಂಡ ಅತ್ತೆ ಚಪ್ಪಲಿ ಹುಡುಕತೊಡಗಿದಳು. "ಸ್ಕ್ರೂಡ್ರೈವರ್ ನಂದು. ನನ್ನನ್ನೂ ಬರ್ಕೋ, ಅಪ್ಪಾ."

"ವಾಪಸ್ ತಗೋತೀನಿ ಅಂದೆನಲ್ಲ!" ಎಂದರು ಪ್ರಾಂಶುಪಾಲರು.

"ಎಫ್‌ಐಆರ್ ಆಗಿದೆ. ಕೋರ್ಟಲ್ಲಿ ಕೇಳ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್. "ನಿಧಾನ ಆಗುತ್ತೆ."

ಜಪ್ತಿ ಪಂಚನಾಮೆ ಅಲ್ಲೇ ನಡೆಯಿತು. ಅರಗಿನ ಮುದ್ರೆ ಮರಕ್ಕೆ ತಾಗಕೂಡದೆಂದು ಸೊಸೆ ಹಟ ಹಿಡಿದದ್ದರಿಂದ ಪೆಟ್ಟಿಗೆಗೆ ಒತ್ತುವುದೆಂದಾಯಿತು. ಅದಕ್ಕೆ ಮುನ್ನ ವಸ್ತುವಿನ ಸ್ಥಿತಿ ದಾಖಲಿಸಬೇಕಿತ್ತು. ಇನ್‌ಸ್ಪೆಕ್ಟರ್ ಪಿಟೀಲನ್ನು ಮುದುಕಿಯ ಕೈಗಿತ್ತರು. ಸೊಸೆ ಕೊನೆಯ ಸಲ ಕಮಾನು ಎಳೆದಳು. ಮುದುಕಿ ಬಹಳ ಹೊತ್ತು ದವಡೆ ತೆಗೆಯಲಿಲ್ಲ. ಆಮೇಲೆ, "ಇದೆ," ಎಂದಳು.

ಇನ್‌ಸ್ಪೆಕ್ಟರ್ ಬರೆದರು: ದನಿ ಇದೆ. ಪರಿಶೀಲಿಸಿದವರು, ತಯಾರಿಸಿದಾಕೆ. ಪ್ರತಿ ವಿಚಾರಣೆಗೂ ಮುನ್ನ ಇವರಿಂದಲೇ ಮರುಪರಿಶೀಲನೆ ಮಾಡಿಸಲು ಕೋರ್ಟನ್ನು ಕೋರಲಾಗುವುದು.

ಜೀಪು ಹತ್ತಿಸುವಾಗ ಜೋರಮ್ಮ, ತನ್ನ ಜನ್ಮದಲ್ಲಿ ಮೊದಲ ಸಲ, ಮೆಲ್ಲಗೆ ಕೇಳಿದಳು: "ಏನಮ್ಮಾ, ತಪ್ಪು ಮಾಡ್ದೆ ಅನ್ಸುತ್ತಾ?"

"ಒಂದು," ಎಂದಳು ಸೊಸೆ. "ಆತುರದಲ್ಲಿ ಹಾಗೇ ಬಿಟ್ಟುಬಂದೆ, ಮೂಲೇಲಿದ್ದ ಪಿಟೀಲಿನ ಕುದುರೆ ಇನ್ನೂ ಒಂಚೂರು ಹಿಂದಕ್ಕೆ ಬರಬೇಕಿತ್ತು."