ಮಾವ ಉಜ್ಜಿದ ಕನ್ನಡಿ

ಮಾವನವರು ಹೋಗುವ ಮುನ್ನ ತಮ್ಮ ದೂರದರ್ಶಕವನ್ನು ಕಿರಿಯ ಅಳಿಯನಿಗೆ ಕೊಟ್ಟರು. ಹಿರಿಯ ಅಳಿಯನಾದ ವಿಜ್ಞಾನದ ಮೇಷ್ಟ್ರಿಗೆ ಒಂದು ಮಾತು ಕೊಟ್ಟರು: "ನಿನಗೇನಪ್ಪ, ನಿನಗೆ ಎಲ್ಲಾ ಗೊತ್ತು." ಮೇಷ್ಟ್ರು ಆ ಮಾತನ್ನು ಎತ್ತಿ ತಿರುಗಿಸಿ, ಬೆಳಕಿಗೆ ಹಿಡಿದು, ಎಲ್ಲ ಕೋನಗಳಿಂದಲೂ ನೋಡಿದರು. ಅದರೊಳಗೆ ಎಲ್ಲಿಯೂ ಎಂಟು ಅಂಗುಲದ ಕನ್ನಡಿ ಕಾಣಲಿಲ್ಲ.

ದೂರದರ್ಶಕ ಎಂದರೆ ಕನ್ನಡಿಯೇ. ಉಳಿದದ್ದೆಲ್ಲ ಕೊಳವೆ, ತಿರುಪು, ಬಣ್ಣ. ಕೊಳವೆಯ ತಳದಲ್ಲಿ ಮಲಗಿ, ಆಕಾಶದ ಬೆಳಕನ್ನು ಬೊಗಸೆಯಲ್ಲಿ ಹಿಡಿದು ಒಂದು ಬಿಂದುವಿಗೆ ಕೂಡಿಸುವ ಆ ಗಾಜಿನ ತಟ್ಟೆಯನ್ನು ಮಾವನವರು ಕೈಯಲ್ಲೇ ಉಜ್ಜಿ ಮಾಡಿದ್ದರು. ಕೈ ಎಂದರೆ ಎರಡಲ್ಲ, ನಾಲ್ಕು. ಮದುವೆಯಾದ ಹೊಸತರಲ್ಲಿ, ಬೇರೆ ಅಳಿಯಂದಿರು ಮಾವನ ಮನೆಯಲ್ಲಿ ಕಾಲು ಚಾಚಿ ಕೂರುವ ದಿನಗಳಲ್ಲಿ, ಮೇಷ್ಟ್ರು ಹಿಂದಿನ ಕೋಣೆಯಲ್ಲಿ ಮಾವನ ಜೊತೆ ಒಂದು ಪೀಪಾಯಿ ಸುತ್ತುತ್ತಿದ್ದರು. ಪೀಪಾಯಿಯ ಮೇಲೆ ಒಂದು ಗಾಜು, ಅದರ ಮೇಲೆ ಹಳೆಯ ಹಡಗಿನ ಕಿಟಕಿಯಿಂದ ಕಳಚಿದ ಇನ್ನೊಂದು ದಪ್ಪ ಗಾಜು, ನಡುವೆ ನೀರು ಮತ್ತು ಉಜ್ಜುಪುಡಿ. ಒಂದಿಷ್ಟು ಉಜ್ಜು, ಒಂದು ಹೆಜ್ಜೆ ಸರಿ, ಮತ್ತೆ ಉಜ್ಜು. ತಿಂಗಳುಗಟ್ಟಲೆ ಹೀಗೇ ನಡೆದಾಗ ಹೆಂಡತಿ ಬಾಗಿಲಲ್ಲಿ ನಿಂತು, "ನೀವು ಮದುವೆ ಆಗಿದ್ದು ನನ್ನನ್ನೋ ನಮ್ಮಪ್ಪನ್ನೋ?" ಎಂದು ಕೇಳಿದ್ದಳು. ಮಾವ, ಅಳಿಯ ಇಬ್ಬರೂ ತಲೆಯೆತ್ತಿರಲಿಲ್ಲ.

ಆ ಕನ್ನಡಿ ಈಗ ಷಡ್ಡಕನ ತಾರಸಿಯ ಮೇಲೆ ಇತ್ತು.

ಷಡ್ಡಕ, ಎಂದರೆ ನಾದಿನಿಯ ಗಂಡ, ಹಲ್ಲಿನ ಡಾಕ್ಟರು. ಕೆಟ್ಟವನಲ್ಲ, ಅದೇ ಮೇಷ್ಟ್ರಿಗೆ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ದ್ವೇಷಿಸುವುದು ಎಷ್ಟು ಸಲೀಸಾಗುತ್ತಿತ್ತು! ಅವನು ದೂರದರ್ಶಕವನ್ನು ಮೌಂಟ್ ಎಂಬ ಮೋಟಾರಿನ ಪೀಠದ ಮೇಲೆ ಏರಿಸಿ, ಕಣ್ಣಿಡುವ ಜಾಗದಲ್ಲಿ ಕ್ಯಾಮೆರಾ ಸಿಕ್ಕಿಸಿದ್ದ. ಕ್ಯಾಮೆರಾದ ತಂತಿ ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಲ್ಯಾಪ್‌ಟಾಪು ಆಕಾಶದ ತುಣುಕೊಂದರ ಚಿತ್ರ ತೆಗೆದು, ಅದರಲ್ಲಿನ ನಕ್ಷತ್ರಗಳನ್ನು ತನ್ನೊಳಗಿನ ನಕ್ಷೆಯ ಜೊತೆ ಹೋಲಿಸಿ, ತಾನು ಎಲ್ಲಿ ನೋಡುತ್ತಿದ್ದೇನೆಂದು ತಾನೇ ಕಂಡುಕೊಂಡು, ಮೌಂಟನ್ನು ಬೇಕಾದ ಕಡೆ ತಿರುಗಿಸುತ್ತಿತ್ತು. ಷಡ್ಡಕ ಒಳಗೆ ಸೋಫಾದ ಮೇಲೆ ಟೀವಿ ನೋಡುತ್ತಿದ್ದ.

"ಅದು ಯಾವ ನಕ್ಷತ್ರ, ಹೇಳು ನೋಡೋಣ," ಎಂದು ಒಮ್ಮೆ ಮೇಷ್ಟ್ರು ತಾರಸಿಯ ಮೇಲೆ ಬೆರಳು ಮಾಡಿ ಕೇಳಿದ್ದರು.

"ಇರಿ ಭಾವ, ಕಂಪ್ಯೂಟರ್ ಕೇಳ್ತೀನಿ."

"ಹಲ್ಲು ಕೀಳೋವಾಗಲೂ ಕಂಪ್ಯೂಟರ್ ಕೇಳ್ತೀಯಾ?"

"ಕೇಳದೆ ಮತ್ತೆ? ಎಕ್ಸ್‌ರೇ ಅಂತಾರೆ ಭಾವ ಅದನ್ನ."

ನಾದಿನಿ ನಕ್ಕಳು. ಮೇಷ್ಟ್ರ ಹೆಂಡತಿಯೂ ನಕ್ಕಳು. ಅದನ್ನು ಮೇಷ್ಟ್ರು ಮರೆಯಲಿಲ್ಲ.

ಅವರು ಜೀವಮಾನದಲ್ಲಿ ಆಕಾಶದ ಒಂದು ಚಿತ್ರವನ್ನೂ ತೆಗೆದವರಲ್ಲ. ಚಿತ್ರ ತೆಗೆಯುವವನು ನೋಡುವುದಿಲ್ಲ ಎಂಬುದು ಅವರ ಸಿದ್ಧಾಂತ. ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಗಾಳಿ ಒಂದು ಕ್ಷಣ ಅಲುಗಾಡದೆ ನಿಂತಾಗ ಗ್ರಹದ ಮುಖ ಸ್ಪಷ್ಟವಾಗುವುದನ್ನು ಕಾಯುವವನಿಗೆ ಆ ಕನ್ನಡಿ ಸೇರಬೇಕಿತ್ತು. ಸೇರಿದ್ದು ಸೋಫಾಕ್ಕೆ.

ಹೀಗಿರುವಾಗ ಒಂದು ಮಧ್ಯಾಹ್ನ ಷಡ್ಡಕನೇ ಫೋನು ಮಾಡಿದ. "ಭಾವ, ಕನ್ನಡಿ ಮಂಕಾಗಿದೆ. ಚಿತ್ರ ಮೊದಲಿನ ಹಾಗೆ ಬರ್ತಿಲ್ಲ. ಒರೆಸಿಬಿಡ್ಲಾ?"

"ಮುಟ್ಟಬೇಡ!" ಎಂದು ಮೇಷ್ಟ್ರು ಕೂಗಿದ ರಭಸಕ್ಕೆ ಪಕ್ಕದ ಕೋಣೆಯಿಂದ ಹೆಂಡತಿ ಇಣುಕಿದಳು. ಗಾಜಿನ ಮೇಲಿನ ಅಲ್ಯೂಮಿನಿಯಂ ಲೇಪನ ಕೆಲವು ವರ್ಷಗಳಿಗೆ ಮಾಸುತ್ತದೆ, ಹಳೆಯದನ್ನು ತೆಗೆದು ಹೊಸದನ್ನು ಹಾಕಿಸಬೇಕು, ಅದಕ್ಕೆಂದೇ ಒಬ್ಬನಿದ್ದಾನೆ, ತಾನೇ ಒಯ್ದು ಮಾಡಿಸಿ ತರುತ್ತೇನೆ ಎಂದು ಅವರು ವಿವರಿಸಿದರು. ವಿವರಿಸುತ್ತ ವಿವರಿಸುತ್ತ ಅವರ ಧ್ವನಿ ತಗ್ಗಿತು. ಕಳ್ಳನೇ ಬೀಗದ ಕೈ ಕೇಳಿರಲಿಲ್ಲ. ಮನೆಯವನೇ ತಂದು ಕೈಗಿತ್ತಿದ್ದ.

ಯೋಜನೆ ಸರಳವಾಗಿತ್ತು. ಮಾವನ ಕನ್ನಡಿ ಹೋಗುತ್ತದೆ, ಒಂದು ಕನ್ನಡಿ ಬರುತ್ತದೆ. ಹೊಸ ಲೇಪನದ್ದೆಂದು ಅದು ಥಳಥಳಿಸಿದರೆ ಯಾರಿಗೂ ಅಚ್ಚರಿಯಿಲ್ಲ. ಕೊಳವೆಯ ತಳಕ್ಕೆ ಬಗ್ಗಿ ನೋಡುವವರೂ ಇಲ್ಲ. ತನ್ನದು ಕಳೆದಿದೆ ಎಂದು ಕಳೆದುಕೊಂಡವನಿಗೇ ತಿಳಿಯದಿದ್ದರೆ ಅದನ್ನು ಕಳವು ಎನ್ನುವುದು ಹೇಗೆ? ಮೇಷ್ಟ್ರು ಅದಕ್ಕೆ ಮನಸ್ಸಿನಲ್ಲಿ 'ತಿದ್ದುಪಡಿ' ಎಂದು ಹೆಸರಿಟ್ಟರು.

ಕಾರ್ಖಾನೆಯಲ್ಲಿ ತಯಾರಾದ ಎಂಟು ಅಂಗುಲದ ಕನ್ನಡಿಯೊಂದನ್ನು ಅವರು ಬಹಿರಂಗವಾಗಿಯೇ ತರಿಸಿದರು. ಮುಚ್ಚಿಟ್ಟದ್ದನ್ನು ಜನ ಹುಡುಕುತ್ತಾರೆ. ಮೇಜಿನ ಮೇಲಿಟ್ಟದ್ದನ್ನು ಯಾರೂ ನೋಡುವುದಿಲ್ಲ. ತಮ್ಮ ಸಾದಾ ಮರದ ದೂರದರ್ಶಕಕ್ಕೆ ದೊಡ್ಡ ಕನ್ನಡಿ ಹಾಕುತ್ತಿದ್ದೇನೆಂದು ಹೆಂಡತಿಗೆ ಹೇಳಿದರು, ಷಡ್ಡಕನಿಗೂ ಹೇಳಿದರು. "ಒಳ್ಳೇದು ಭಾವ, ನಿಮಗೂ ಒಂದು ಬೇಕಿತ್ತು," ಎಂದ ಅವನು. ಆ 'ನಿಮಗೂ' ಎಂಬುದು ಅವರ ಮನಸ್ಸಿನಲ್ಲಿ ಉಳಿದಿದ್ದ ಕೊನೆಯ ಅಳುಕನ್ನೂ ಒರೆಸಿ ಹಾಕಿತು.

ಮಾವನ ಕನ್ನಡಿಯನ್ನು ಲೇಪನದವನ ಬಳಿ ನಿಜವಾಗಿಯೇ ಒಯ್ದರು. ಸುಳ್ಳು ನಿಲ್ಲಬೇಕಾದರೆ ಅದರ ಕಾಲುಗಳು ಸತ್ಯದವಾಗಿರಬೇಕು. ಲೇಪನದವನು ಗಾಜನ್ನು ಓರೆಯಾಗಿ ಹಿಡಿದು ನೋಡಿ, "ಕೈಯಲ್ಲಿ ಉಜ್ಜಿದ್ದು. ಯಾರು ಮಾಡಿದ್ದು?" ಎಂದ.

"ನಾವು," ಎಂದರು ಮೇಷ್ಟ್ರು. ಆ ಬಹುವಚನದಲ್ಲಿ ಷಡ್ಡಕನಿಗೆ ಜಾಗವಿರಲಿಲ್ಲ.

ಉಳಿದದ್ದು ಸೂಕ್ಷ್ಮದ ಕೆಲಸ, ಮತ್ತು ಸೂಕ್ಷ್ಮದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮಾವನ ಕನ್ನಡಿಯ ಹಡಗಿನ ಗಾಜು ದಪ್ಪ, ಕಾರ್ಖಾನೆಯದು ತೆಳು, ಆದ್ದರಿಂದ ಹಗುರ. ತಳ ಹಗುರವಾದರೆ ಮೌಂಟ್ ಮೇಲೆ ಕೊಳವೆಯ ತೂಕ ಒಂದು ಕಡೆ ವಾಲಿ, ಮೋಟಾರು ಮುಲುಕಾಡುತ್ತದೆ. ಅವರು ಎರಡನ್ನೂ ತೂಗಿ, ವ್ಯತ್ಯಾಸದಷ್ಟೇ ತೂಕದ ಕಬ್ಬಿಣದ ಬಳೆಯೊಂದನ್ನು ಮಾಡಿಸಿ ಕನ್ನಡಿಯ ಕೆಳಗೆ ಅಡಗಿಸಿದರು. ಹಳೆಯ ಗಾಜಿನ ಅಂಚಿನಲ್ಲಿ ಒಂದು ಚೆಕ್ಕೆ ಎದ್ದಿತ್ತು. ಹೊಸ ಗಾಜಿನ ಅದೇ ಜಾಗದಲ್ಲಿ ಅರದಿಂದ ಚೆಕ್ಕೆ ಎಬ್ಬಿಸಿದರು. ಹಳೆಯದರ ಹಸಿರು ಛಾಯೆ ಬರಲೆಂದು ಅಂಚಿಗೆ ತೆಳುವಾಗಿ ಹಸಿರು ಬಣ್ಣವನ್ನೂ ಬಳಿದರು.

ಇನ್ನೊಂದಿತ್ತು. ಕನ್ನಡಿಯಿಂದ ಬೆಳಕು ಕೂಡುವ ಬಿಂದುವಿನವರೆಗಿನ ಅಂತರಕ್ಕೆ ಸಂಗಮದೂರ ಎನ್ನುತ್ತಾರೆ. ಮಾವನವರು ಸಾವಿರದ ಇನ್ನೂರು ಮಿಲಿಮೀಟರಿಗೆ ಗುರಿಯಿಟ್ಟು ಉಜ್ಜಿದ್ದರು, ಕೊನೆಗೆ ತೋಳು ಸೋತು, "ಸಾಕು ಬಿಡೋ, ದೇವರೇನು ಅಳತೆಪಟ್ಟಿ ಹಿಡಿದು ನಿಂತಿದ್ದಾನಾ?" ಎಂದು ಸ್ವಲ್ಪ ಮುಂಚೆಯೇ ನಿಲ್ಲಿಸಿದ್ದರು. ಹಾಗಾಗಿ ಅವರದ್ದು ಒಂದು ಬೆರಳಿನ ಅಗಲದಷ್ಟು ಉದ್ದವಾಗಿ ಉಳಿದಿತ್ತು. ಕಾರ್ಖಾನೆಯದು ಕರಾರುವಾಕ್ಕು. ಹಾಗೆಯೇ ಕೂರಿಸಿದರೆ ಬೆಳಕು ಬೇರೆ ಕಡೆ ಕೂಡಿ, ಕ್ಯಾಮೆರಾವನ್ನು ಎಂದಿನ ಗುರುತಿಗೆ ಸಿಕ್ಕಿಸಿದರೆ ಚಿತ್ರ ಮಸುಕಾಗುತ್ತಿತ್ತು. ದಡ್ಡ ಕಳ್ಳ ಅಲ್ಲಿ ಸಿಕ್ಕಿಬೀಳುತ್ತಿದ್ದ. ಮೇಷ್ಟ್ರು ಲೆಕ್ಕ ಹಾಕಿ ಕನ್ನಡಿಯ ಕೆಳಗೆ ಬಿಲ್ಲೆಗಳನ್ನು ಜೋಡಿಸಿ, ಅಷ್ಟೇ ಎತ್ತರಕ್ಕೆ ಅದನ್ನು ಏರಿಸಿದರು. ಬೆಳಕು ಎಂದಿನ ಬಿಂದುವಿನಲ್ಲೇ ಕೂಡುವಂತಾಯಿತು.

ಹಾಡುಹಗಲಿನಲ್ಲಿ, ಷಡ್ಡಕನ ತಾರಸಿಯ ಮೇಲೆ, ಮನೆಯವರೆಲ್ಲರ ಮುಂದೆ ಅವರು ಕನ್ನಡಿ ಕೂರಿಸಿದರು. ಷಡ್ಡಕ ತಿರುಪುಗಳನ್ನು ಒಂದೊಂದಾಗಿ ಎತ್ತಿಕೊಟ್ಟ. ನಾದಿನಿ ಕೊಳವೆಯೊಳಗೆ ಇಣುಕಿ, "ಅಪ್ಪ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು, ಅಲ್ವಾ ಭಾವ?" ಎಂದಳು.

"ಹೂಂ," ಎಂದು ಮೇಷ್ಟ್ರು ತಿರುಪು ಬಿಗಿ ಮಾಡಿದರು.

ಅಂದೇ ಷಡ್ಡಕ ಚಿತ್ರ ತೆಗೆದ. ಮರುದಿನ ಬೆಳಿಗ್ಗೆ ಅದು ಎಲ್ಲರ ಫೋನಿಗೂ ಬಂತು. "ಮಾವನ ಕನ್ನಡಿಗೆ ಮರುಜನ್ಮ. ಭಾವನಿಗೆ ನಮೋ ನಮಃ," ಎಂದು ಕೆಳಗೆ ಬರೆದಿದ್ದ. ಮೇಷ್ಟ್ರು ಚಿತ್ರವನ್ನು ಹಿಗ್ಗಿಸಿ ನೋಡಿದರು. ನಕ್ಷತ್ರಗಳು ಸೂಜಿಮೊನೆಯಂತಿದ್ದವು. ನಿರಾಳವಾಯಿತು. ಹಿಂದೆಯೇ ಏನೋ ಚುಚ್ಚಿತು. ಮಾವನ ಕೈಯ ಬಿಸಿ ತಾಕಿದ ಗಾಜು ಹೋಗಿ, ಯಂತ್ರ ಉಗುಳಿದ ಗಾಜು ಬಂದರೂ ಒಬ್ಬರಾದರೂ 'ಏನೋ ಮೊದಲಿನ ಹಾಗಿಲ್ಲ' ಎನ್ನಬಾರದೆ? ಹೆಂಡತಿಯಂತೂ "ಮೊದಲಿಗಿಂತ ಚೆನ್ನಾಗಿದೆ" ಎಂದಳು. ತಮ್ಮ ಕಳವು ಯಾರಿಗೂ ಗೊತ್ತಾಗದ್ದು ಎಷ್ಟು ಸಮಾಧಾನವೋ, ಅಷ್ಟೇ ಅವಮಾನವೂ ಆಗಿ ಅವರಿಗೆ ಅಂದಿನ ಕಾಫಿ ರುಚಿಸಲಿಲ್ಲ.

ಆದರೆ ಸಂಜೆಗಳು ಅವರವಾಗಿದ್ದವು. ತಮ್ಮ ತಾರಸಿಯ ಮೇಲೆ, ಮರದ ಕೊಳವೆಯ ತಳದಲ್ಲಿ ಮಾವನ ಕನ್ನಡಿ ಇತ್ತು. ಕಣ್ಣಿಟ್ಟಾಗ ಶನಿಯ ಬಳೆ ಉಗುರಿನಿಂದ ಗೀರಿದಷ್ಟು ಖಚಿತವಾಗಿ ಕಾಣುತ್ತಿತ್ತು. "ಎಷ್ಟು ಹೊತ್ತು ಅದೇ ನೋಡ್ತೀರಿ? ಅದೇನು ಓಡಿ ಹೋಗತ್ತಾ?" ಎಂದು ಹೆಂಡತಿ ಕೆಳಗಿನಿಂದ ಕೂಗುತ್ತಿದ್ದಳು. ಇನ್ನು ಓಡಿ ಹೋಗುವುದಿಲ್ಲ ಎಂದು ಮೇಷ್ಟ್ರು ಕತ್ತಲಲ್ಲಿ ನಗುತ್ತಿದ್ದರು.

ಚಳಿ ಶುರುವಾಗುವ ಹೊತ್ತಿಗೆ, ಒಂದು ಭಾನುವಾರ ಇಳಿಮಧ್ಯಾಹ್ನ, ಷಡ್ಡಕ ಹೆಂಡತಿಯ ಜೊತೆ ಬಂದ. ಬಗಲಲ್ಲಿ ಲ್ಯಾಪ್‌ಟಾಪು ಇತ್ತು, ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಭಾವ, ಒಂದು ವಿಚಿತ್ರ ಆಗಿದೆ. ಮಾವನ ನೆನಪಿಗೆ ಒಂದು ದೊಡ್ಡ ಚಿತ್ರ ಮಾಡೋಣ ಅಂತಿದ್ದೆ. ಅವರಿಗೆ ಇಷ್ಟವಾದ ನೀಹಾರಿಕೆ. ಅವರಿದ್ದಾಗ ತೆಗೆದಿದ್ದು, ಈಗ ತೆಗೆದಿದ್ದು, ಎಲ್ಲಾ ಒಂದರ ಮೇಲೊಂದು ಕೂರಿಸಿ. ಕೂರ್ತಾನೇ ಇಲ್ಲ! ನಡುವೆ ಸರಿಯಾಗಿ ಕೂತರೆ ಅಂಚಿನ ನಕ್ಷತ್ರಗಳೆಲ್ಲ ಎರಡೆರಡು ಕಾಣತ್ತೆ."

"ಕ್ಯಾಮೆರಾ ಬದಲಾಯಿಸಿರಬೇಕು."

"ಅದೇ ಕ್ಯಾಮೆರಾ. ಆಮೇಲೆ ಗೊತ್ತಾಯ್ತು, ಈ ಕಂಪ್ಯೂಟರ್ ನಕ್ಷತ್ರ ಗುರುತು ಹಿಡಿಯೋವಾಗ, ಅವುಗಳ ನಡುವೆ ಎಷ್ಟು ಅಂತರ ಇದೆ ಅಂತ ನೋಡಿ, ಟೆಲಿಸ್ಕೋಪಿನ ಸಂಗಮದೂರ ಎಷ್ಟು ಅಂತಾನೂ ಪ್ರತಿ ಚಿತ್ರಕ್ಕೂ ಬರೆದಿಡತ್ತೆ. ನಾನು ಯಾವತ್ತೂ ನೋಡಿರಲೇ ಇಲ್ಲ. ಹಳೇ ಚಿತ್ರದಲ್ಲೆಲ್ಲಾ ಸಾವಿರದ ಇನ್ನೂರ ಹದಿನೇಳು. ನೀವು ಲೇಪನ ಹಾಕಿಸಿ ತಂದ ಮೇಲೆ ಎಲ್ಲಾ ಸಾವಿರದ ಇನ್ನೂರು."

"ಚಳಿಗೆ ಗಾಜು ಕುಗ್ಗತ್ತೆ," ಎಂದರು ಮೇಷ್ಟ್ರು.

"ಅಷ್ಟೊಂದಾ?" ಎಂದಳು ಮೇಷ್ಟ್ರ ಹೆಂಡತಿ.

ಅಷ್ಟೊಂದಿಲ್ಲ. ಅದರ ಸಾವಿರದಲ್ಲೊಂದು ಪಾಲೂ ಇಲ್ಲ ಎಂಬುದನ್ನು ಅವರೇ ತಲೆಮಾರುಗಟ್ಟಲೆ ಹುಡುಗರಿಗೆ ಪ್ರಯೋಗಾಲಯದಲ್ಲಿ ಮಾಡಿಸಿ ತೋರಿಸಿದ್ದರು. "ಹಾಗಾದರೆ ನಿನ್ನ ಕಂಪ್ಯೂಟರೇ ತಪ್ಪು ಹೇಳ್ತಿದೆ," ಎಂದರು.

"ನಾನೂ ಅದನ್ನೇ ಅಂದ್ಕೊಂಡೆ," ಎಂದು ಷಡ್ಡಕ ಕೈಚೀಲದಿಂದ ಕ್ಯಾಮೆರಾ ತೆಗೆದ. "ಯಾರ ಮೇಲೋ ಸುಮ್ಮನೆ ಗೂಬೆ ಕೂರಿಸಬಾರದಲ್ಲ. ನಿಮ್ಮ ಕನ್ನಡಿ ಹೇಗೂ ಕಾರ್ಖಾನೆದು, ಸಾವಿರದ ಇನ್ನೂರು ಅಂತ ಪೆಟ್ಟಿಗೆ ಮೇಲೇ ಇರತ್ತೆ. ಅದರಲ್ಲಿ ಒಂದು ಚಿತ್ರ ತೆಗೀತೀನಿ. ಸಾವಿರದ ಇನ್ನೂರು ಅಂತ ಬಂದರೆ ಕಂಪ್ಯೂಟರ್ ಸರಿ. ಆಗ ಲೇಪನದವನು ಮಾವನ ಕನ್ನಡಿ ಹೊಡ್ಕೊಂಡಿದ್ದಾನೆ ಅಂತಲೇ ಅರ್ಥ. ನಾಳೆ ನಾವಿಬ್ಬರೂ ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿಯೋಣ."

"ನನ್ನದಕ್ಕೆ ಮೋಟಾರಿಲ್ಲ, ಚಿತ್ರ ಬರಲ್ಲ."

"ಒಂದೆರಡು ಸೆಕೆಂಡು ಸಾಕು ಭಾವ. ನಕ್ಷತ್ರ ಚುಕ್ಕಿ ಚುಕ್ಕಿ ಕಂಡರೆ ಆಯ್ತು." ನಾದಿನಿ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತುತ್ತಿದ್ದಳು.

ಉಪಕರಣವನ್ನು ದೂರುವ ಮೊದಲು, ಅಳತೆ ಗೊತ್ತಿರುವ ವಸ್ತುವೊಂದರ ಮೇಲೆ ಅದನ್ನು ಪರೀಕ್ಷಿಸಬೇಕು. ಇದಕ್ಕಿಂತ ಶಾಸ್ತ್ರೀಯವಾದ ವಿಧಾನವನ್ನು ಮೇಷ್ಟ್ರೂ ಹೇಳಿಕೊಡಲಾರರು. ಅವರು ಹೊಳಪನ್ನು ಯೋಚಿಸಿದ್ದರು, ತೂಕವನ್ನು ಯೋಚಿಸಿದ್ದರು, ಬೆಳಕು ಎಲ್ಲಿ ಕೂಡುತ್ತದೆ ಎಂಬುದನ್ನು ಕೂದಲೆಳೆಯಷ್ಟು ಸರಿಯಾಗಿ ಲೆಕ್ಕ ಹಾಕಿದ್ದರು. ಸಂಗಮದೂರ ಬದಲಾದರೆ ಕೂಡಿದ ಬೆಳಕಿನಲ್ಲಿ ಒಂದು ನಕ್ಷತ್ರದಿಂದ ಇನ್ನೊಂದು ಬೀಳುವ ದೂರವೂ ಬದಲಾಗುತ್ತದೆ ಎಂಬುದು ಮಾತ್ರ, ಎಂದೂ ಚಿತ್ರ ತೆಗೆಯದ ಅವರ ಕಣ್ಣಿಗೆ ಹೊಳೆದಿರಲಿಲ್ಲ; ಬಿಲ್ಲೆ ಇಟ್ಟು ಏರಿಸಲಾಗದ ಒಂದೇ ಅಳತೆ ಅದು. ತಾರಸಿಯ ಮೇಲೆ ಸಂಜೆಯ ಮೊದಲ ನಕ್ಷತ್ರಗಳು ಮೂಡಿದ್ದವು. ಷಡ್ಡಕ ಕ್ಯಾಮೆರಾ ಸಿಕ್ಕಿಸಿದ; ಏನೋ ಕ್ಲಿಕ್ ಎಂದಿತು; ಲ್ಯಾಪ್‌ಟಾಪು ಸ್ವಲ್ಪ ಹೊತ್ತು ಧ್ಯಾನಿಸಿತು. ಮೇಷ್ಟ್ರ ಹೆಂಡತಿ ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿ, ಒಂದೊಂದೇ ಅಂಕಿಯನ್ನು ಕೂಡಿಸಿಕೊಂಡು ಓದಿದಳು: "ಸಾವಿರದ ಇನ್ನೂರ ಹದಿನೇಳು." ಆಮೇಲೆ, ಹಿಂತಿರುಗಿ ನೋಡದೆ, "ಇದು ಅಪ್ಪನದ್ದಲ್ವೇನ್ರೀ?" ಎಂದಳು.